ಗಾಳಿಗೆ ಬಹಿಷ್ಕಾರ

"ಈ ಗಾಳಿಗೆ ಬಹಿಷ್ಕಾರ ಹಾಕಿ!" ಎಂದು ಇಂಗ್ಲೆಂಡಿನ ರಾಜ ಗಾಡ್ವಿಕ್ ಗುಡುಗಿದ.

ಬಿಷಪ್ ಗಿಲ್ಫ್ರಿಡ್ ಬಾಯಲ್ಲಿದ್ದ ಮೀನಿನ ತುಂಡನ್ನು ಅಗಿಯದೆ ನುಂಗಿದರು. ಅವರು ಚರ್ಚಿಗೆ ಧರ್ಮಗುರು, ಆಸ್ಥಾನಕ್ಕೆ ಮಂತ್ರಿ. ಬೆಳಿಗ್ಗೆ ದೇವರ ಮಾತು ಕೇಳಬೇಕು, ಮಧ್ಯಾಹ್ನ ರಾಜನದು. ದೇವರೇ ವಾಸಿ, ಊಟದ ಹೊತ್ತಿಗೆ ಬರುತ್ತಿರಲಿಲ್ಲ.

"ಗಾಳಿ ಏನು ಮಾಡಿತು ಪ್ರಭು?"

"ಎದುರಿನಿಂದ ಬೀಸುತ್ತಿದೆ! ನನ್ನ ಹಡಗುಗಳು ದಡ ಬಿಡುತ್ತಿಲ್ಲ!"

ಕಡಲಾಚೆ ರಾಜನ ಚಿಕ್ಕಪ್ಪನ ಮಗನೊಬ್ಬ ಆಳುತ್ತಿದ್ದ. ಅವನು ತನ್ನ ಹಂದಿಗೆ ಗಾಡ್ವಿಕ್ ಎಂದು ಹೆಸರಿಟ್ಟಿದ್ದನಂತೆ. ಅದಕ್ಕೇ ಈ ಯುದ್ಧ.

ಹಡಗಿನಲ್ಲಿ ಕೂತ ಹುಡುಗರಿಗೆಲ್ಲ ಜ್ಞಾನಸ್ನಾನ ಮಾಡಿಸಿ, ಚರ್ಚಿಗೆ ಸೇರಿಸಿಕೊಂಡು ಹೆಸರಿಟ್ಟವರು ಬಿಷಪ್ಪರೇ. ಒಂದು ಹಂದಿಯ ಹೆಸರಿಗಾಗಿ ಆ ಹುಡುಗರು ಸಾಯಬೇಕೆ? ಆದರೆ ಆಗದು ಎಂದರೆ ಮೊದಲು ಉರುಳುವುದು ತಮ್ಮದೇ ತಲೆ.

"ಆಗಲಿ ಪ್ರಭು. ಒಂದೇ ತೊಡಕು. ಚರ್ಚಿನ ಸಭೆಯಿಂದ ಹೊರಗೆ ಹಾಕಬೇಕಾದರೆ ಮೊದಲು ಒಳಗಿರಬೇಕಲ್ಲ? ಗಾಳಿಗೆ ಜ್ಞಾನಸ್ನಾನವೇ ಆಗಿಲ್ಲ."

"ಮಾಡಿಸಿ!"

"ಮಗುವನ್ನು ಎತ್ತಿ ಹಿಡಿದು ಅದರ ಹೊಣೆ ಹೊರಲು ಒಬ್ಬ ಜ್ಞಾನಪಿತ ಬೇಕು. ಆಕಾಶದಷ್ಟು ದೊಡ್ಡ ಮನೆಯ ಮಗು. ಸಾಮಾನ್ಯರು ಸಾಲರು..."

"ನಾನಿಲ್ಲವೇ?" ಎಂದು ರಾಜ ಎದೆ ತಟ್ಟಿಕೊಂಡ.

ಹಡಗಿನಲ್ಲಿದ್ದವರನ್ನು ಬಿಟ್ಟು ಉಳಿದ ಸೈನ್ಯವೆಲ್ಲ ಕಡಲತೀರದಲ್ಲಿ ನಿಂತಿತು. ರಾಜ ಎರಡೂ ಕೈ ಚಾಚಿ ಬರಿಗಾಳಿಯನ್ನು ತಬ್ಬಿ ಹಿಡಿದ.

"ಕೈಯಲ್ಲಿದೆಯೇ ಪ್ರಭು?"

"ಇದೆ! ಬಹಳ ಒದೆಯುತ್ತಿದೆ, ಬೇಗ ಮುಗಿಸಿ!"

"ಹೆಸರು?"

"ರಾಬಿನ್!"

ಬಿಷಪ್ಪರು ನೀರು ಎರಚಿದರು. ರಾಬಿನ್ ಅಷ್ಟನ್ನೂ ಜ್ಞಾನಪಿತನ ಮುಖಕ್ಕೇ ರಾಚಿದ. "ಆಮೆನ್" ಎಂದಿತು ಸೈನ್ಯ. ಸೇನಾಪತಿ ಕಣ್ಣೊರೆಸಿಕೊಂಡ. ಭಕ್ತಿಯೋ ಮರಳೋ, ಯಾರೂ ಕೇಳಲಿಲ್ಲ.

"ಸರಿ, ಈಗ ಹಾಕಿ ಬಹಿಷ್ಕಾರ!" ಎಂದ ರಾಜ, ಗಡ್ಡ ಹಿಂಡಿಕೊಳ್ಳುತ್ತ.

ಬಿಷಪ್ಪರು ಬಹಿಷ್ಕಾರದ ಮೇಣದಬತ್ತಿಯನ್ನು ಗಾಳಿಗೆ ಮರೆಮಾಡಿ ಹಿಡಿದು, ಗಂಟಲು ಸರಿಮಾಡಿಕೊಂಡು ಓದತೊಡಗಿದರು. "ಈ ಕ್ಷಣದಿಂದ ರಾಜ ಗಾಡ್ವಿಕ್ಕರಿಗೆ ಚರ್ಚಿನಲ್ಲಿ ಜಾಗವಿಲ್ಲ, ಅವರೊಡನೆ ಯಾರೂ ಉಣ್ಣುವಂತಿಲ್ಲ, ಸತ್ತರೆ ಮಣ್ಣೂ..."

"ಏಯ್! ನನಗ್ಯಾಕೆ?"

"ಮಗು ಹುಟ್ಟಿ ಇನ್ನೂ ಅರ್ಧ ಗಳಿಗೆಯಾಗಿಲ್ಲ ಪ್ರಭು. ಅದಕ್ಕೆ ಬುದ್ಧಿ ಬರುವತನಕ ಅದರ ಪಾಪವೆಲ್ಲ ಜ್ಞಾನಪಿತನ ತಲೆಗೆ. ಹೊಣೆ ಹೊತ್ತಿರಲ್ಲ! ಮುಂದೆ ಓದಲೇ?"

ರಾಜ ಹಾರಿ ಬಂದು ಮೇಣದಬತ್ತಿಯನ್ನು ತಾನೇ ಊದಿ ಆರಿಸಿದ. ಸ್ವಲ್ಪ ಹೊತ್ತು ಕಡಲನ್ನು ನೋಡಿದ, ಹಡಗುಗಳನ್ನು ನೋಡಿದ. ಆಮೇಲೆ ಬಿಷಪ್ಪರ ಕಿವಿಯ ಬಳಿ ಬಾಗಿ ಮೆಲ್ಲಗೆ ಕೇಳಿದ: "ಇದಕ್ಕೆ ಬುದ್ಧಿ ಬರುವುದು ಯಾವಾಗ?"

"ಗಾಳಿಗೆ ಬುದ್ಧಿ ಬಂದದ್ದನ್ನು ನಾನಂತೂ ಕಂಡಿಲ್ಲ ಪ್ರಭು," ಎಂದರು ಬಿಷಪ್ಪರು. "ರಾಜರಿಗೆ ಬಂದದ್ದುಂಟು."

ರಾಜನ ಮುಖ ಕೆಂಪಾಯಿತು, ತುಟಿ ನಡುಗಿತು, ಕೊನೆಗೆ ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟ. "ಇಳೀರೋ ಎಲ್ಲ ಕೆಳಗೆ!" ಎಂದು ಹಡಗಿನ ಕಡೆ ಕೂಗಿದ. "ನನ್ನ ಮಗನ ನಾಮಕರಣ! ಊಟ ಮಾಡಿಕೊಂಡು ಮನೆಗೆ ಹೋಗಿ!"