ಚಿಮ್ಮಣ್ಣ ಕೊಂಡ ಗಾಡಿ

ಮಕ್ಕಳೇ, ನೆಟ್ಟಗೆ ಕುಳಿತುಕೊಳ್ಳಿ. ನಡುವೆ ಎದ್ದು ಓಡಾಡುವವರಿಗೆ ಈ ಕತೆ ತಲೆಗೆ ಹತ್ತುವುದಿಲ್ಲ. ಇದು ಹಾಗೆ ಓಡಾಡುತ್ತಿದ್ದವನದೇ ಕತೆ.

ಒಂದು ಕುರುಚಲು ಕಾಡು. ಅದರ ತಗ್ಗಿನಲ್ಲಿ ಒಂದು ಕೊಳ, ಕೊಳದ ಬೆನ್ನಿಗೆ ಕಡಿದಾದ ಒಂದು ದಿನ್ನೆ. ಕೊಳದ ಅಂಚಿನ ಹುಲ್ಲುಪೊದೆಯಲ್ಲಿ ಚಿಮ್ಮಣ್ಣನೆಂಬ ಮೊಲವೂ ಅವನ ಹೆಂಡತಿ ಗರಿಕವ್ವನೂ ವಾಸವಾಗಿದ್ದರು. ಮಳೆ ಹಿಡಿಯಿತೆಂದರೆ ಕೊಳ ಉಕ್ಕಿ ಪೊದೆಯೆಲ್ಲ ಮುಳುಗುತ್ತಿತ್ತು. ಆದ್ದರಿಂದ ವರ್ಷವರ್ಷವೂ ತಗ್ಗಿನವರೆಲ್ಲ ಮಳೆಗೆ ಮುಂಚೆ ದಿನ್ನೆಯ ಮೇಲಕ್ಕೆ ಬಿಡಾರ ಬದಲಿಸುವುದು ಅಲ್ಲಿನ ಪದ್ಧತಿ.

ಈ ಸಲ ಒಂದು ತೊಡಕಿತ್ತು. ಗರಿಕವ್ವ ಹಡೆದು ಇನ್ನೂ ವಾರ ತುಂಬಿರಲಿಲ್ಲ. ಮೂರು ಮರಿಗಳು, ಒಂದಕ್ಕೂ ನೆಗೆಯಲು ಬಾರದು.

"ಬಾಯಲ್ಲಿ ಕಚ್ಚಿಕೊಂಡು ಹೋಗೋಕೆ ನಾವೇನು ಬೆಕ್ಕುಗಳೇ? ಗಾಡಿ ಬೇಕು, ಗಾಡಿ!" ಎನ್ನುತ್ತ ಚಿಮ್ಮಣ್ಣ ಪೊದೆಯಿಂದ ಹೊರಗೆ ಹಾರಿದ. ಮೋಡ ನೋಡಿದ. ಒಳಗೆ ಬಂದ. ಮತ್ತೆ ಹೊರಗೆ ಹಾರಿದ.

"ರೀ, ಎಷ್ಟು ಸಲ ಮೋಡ ನೋಡ್ತೀರಿ? ನೀವು ನೋಡಿದರೆ ಅದು ಹೆದರಿ ನಿಲ್ಲುತ್ತಾ?" ಎಂದಳು ಗರಿಕವ್ವ. "ಹೋಗಿ ಗಾಡಿ ತನ್ನಿ. ಆದರೆ ಮಕ್ಕಳಷ್ಟು ಭಾರದ ಕಲ್ಲು ಹಾಕಿ, ಏರು ಹತ್ತಿಸಿ ನೋಡಿ ತನ್ನಿ. ಕೂಡಿಟ್ಟ ಗೆಣಸೆಲ್ಲ ಗಾಡಿಯೊಂದಕ್ಕೇ ಸುರಿದು ಬರಬೇಡಿ. ಮಳೆಗಾಲ ಪೂರ್ತಿ ತಿನ್ನೋದಕ್ಕೆ ಇರೋದು ಅದೊಂದೇ."

"ಆಯ್ತು, ಆಯ್ತು!"

ಮೊದಲನೆಯ ಆಯ್ತು ಪೊದೆಯೊಳಗೆ ಕೇಳಿಸಿತು. ಎರಡನೆಯದು ದಿನ್ನೆಯ ಬುಡದಿಂದ ಬಂತು.

ಇಲ್ಲಿ ಒಂದು ಮಾತು ನೆನಪಿಡಿ. ಮೊಲದ ಹಿಂಗಾಲು ಉದ್ದ, ಮುಂಗಾಲು ಗಿಡ್ಡ. ಏರು ಹತ್ತುವುದು ಅದಕ್ಕೆ ಆಟ. ಇಳಿಯುವಾಗಲೇ ಫಜೀತಿ: ಹಿಂಭಾಗ ಮುಂದಕ್ಕೆ ಬರುತ್ತದೆ, ಮೂಗು ಮಣ್ಣು ಉಳುತ್ತದೆ. ಚಿಮ್ಮಣ್ಣ ಬೇಸಿಗೆಯಿಡೀ ಗೆಣಸುಗಳನ್ನು ಒಂದೊಂದಾಗಿ ಕಚ್ಚಿಕೊಂಡು ದಿನ್ನೆ ಹತ್ತಿ, ಮೇಲೊಂದು ಗುಂಡಿಯಲ್ಲಿ ಹೂತಿಟ್ಟಿದ್ದ. ಹತ್ತಿದ್ದು ಒಂದು ದಿನವೂ ಅವನಿಗೆ ನೆನಪಿರಲಿಲ್ಲ. ಇಳಿಯುವಾಗ ಬಿದ್ದದ್ದು ಮಾತ್ರ ಒಂದೂ ಮರೆತಿರಲಿಲ್ಲ.

ದಿನ್ನೆಯ ನೆತ್ತಿಯಲ್ಲಿ ಕರಿಮುಸುಡಿಯ ಕೋತಿ ಲಾಗಪ್ಪನ ಗಾಡಿ ಅಂಗಡಿ. ಅಲ್ಲಿ ಆಗಲೇ ತಗ್ಗಿನ ಹೆಗ್ಗಣ ದೊಡ್ಡಮ್ಮ ಬಂದು ಗಾಲಿಗಳನ್ನು ಮೂಸಿ ನೋಡುತ್ತಿದ್ದಳು.

"ಬನ್ನಿ ಚಿಮ್ಮಣ್ಣನವರೇ, ಕೂತ್ಕೊಳ್ಳಿ," ಎಂದ ಲಾಗಪ್ಪ.

"ಕೂರೋಕೆ ಪುರುಸೊತ್ತಿಲ್ಲ. ಗಾಡಿ ತೋರಿಸು!"

ಉಳಿದಿದ್ದವು ಎರಡೇ. ಒಂದು ಬಿದಿರಿನದು, ಬಣ್ಣವಿಲ್ಲ, ಗಾಲಿ ತೆಳ್ಳಗೆ. ಇನ್ನೊಂದು ದಪ್ಪ ಮರದ್ದು, ಕೆಂಪು ಬಣ್ಣ. ಗಾಲಿ ಜೋರಾಗಿ ಉರುಳದ ಹಾಗೆ ಉಜ್ಜಿ ಹಿಡಿಯಲು ಹಿಂದೆ ಒಂದು ಅಡ್ಡಮರ.

ಚಿಮ್ಮಣ್ಣ ಬಿದಿರಿನ ಗಾಡಿಯನ್ನು ಕಟ್ಟಿಕೊಂಡು ಇಳಿಜಾರಿಗೆ ಹಾರಿದ. ಗಾಡಿ ಗಡಗಡನೆ ಉರುಳಿ ಅವನ ಹಿಮ್ಮಡಿಗೇ ಬಂತು. ಮೊಲ ಕೆಳಗೆ, ಗಾಡಿ ಮೇಲೆ.

"ಇದು ಗಾಡಿಯೋ, ಬೆನ್ನಟ್ಟೋ ನಾಯಿಯೋ!" ಎಂದು ಬಾಯಿಯ ಮಣ್ಣು ಉಗುಳಿದ.

ಆಮೇಲೆ ಕೆಂಪು ಗಾಡಿ. ಅಡ್ಡಮರ ಗಾಲಿಗೆ ಉಜ್ಜುತ್ತ, ಮದುವಣಗಿತ್ತಿಯ ಹಾಗೆ ಅಡಿಯ ಮೇಲೆ ಅಡಿ ಇಡುತ್ತ ಅದು ಅವನ ಹಿಂದೆ ಇಳಿಯಿತು. ಚಿಮ್ಮಣ್ಣನಿಗೆ ಹೋದ ಜೀವ ಬಂದಂತಾಯಿತು.

ಆ ಗಾಡಿಯನ್ನು ತಿರುಗಿ ಮೇಲಕ್ಕೆ ತರಲು ಲಾಗಪ್ಪನ ಬಳಗವೆಲ್ಲ ಇಳಿದು ಬಂತು. ಹಲ್ಲು ಕಚ್ಚಿ, ಬಾಲ ನಿಗುರಿಸಿ ನೂಕಿತು. ಕಣ್ಣಿದ್ದವರಿಗೆ ಅಷ್ಟು ಸಾಕಿತ್ತು. ಚಿಮ್ಮಣ್ಣ ಅತ್ತ ತಿರುಗಲಿಲ್ಲ. ಅವನು ಮೋಡ ನೋಡುತ್ತಿದ್ದ.

ಇತ್ತ ದೊಡ್ಡಮ್ಮ ಬಿದಿರಿನ ಗಾಡಿಗೆ ಕಲ್ಲು ತುಂಬಿ, ಸ್ವಲ್ಪ ದೂರ ಏರಿಸಿ, ಇಳಿಸಿ, ಮತ್ತೆ ಏರಿಸಿದಳು.

"ಚಿಮ್ಮಾ, ನೀನೂ ಒಂದು ಸಲ ಏರಿಸಿ ನೋಡೋ."

"ಏರೋದೇನು ಮಹಾ, ದೊಡ್ಡಮ್ಮ! ಅದು ಯಾರಿಗೆ ಬರಲ್ಲ? ಜೀವ ಹೋಗೋದು ಇಳಿಯುವಾಗ."

"ಯಾರ ಜೀವ?"

"ನನ್ನ ಜೀವ!"

"ಗಾಡೀಲಿ ಕೂರೋವು ಮಕ್ಕಳಲ್ವೇನೋ?"

ಚಿಮ್ಮಣ್ಣನಿಗೆ ಕೇಳಿಸಲಿಲ್ಲ. ದೂರದಲ್ಲಿ ಗುಡುಗಿತ್ತು; ಅವನ ಕಿವಿ ಅಲ್ಲಿತ್ತು.

"ಬಿದಿರಿನದಕ್ಕೆ ನಿಮ್ಮ ಗುಂಡಿಯ ಅರ್ಧ ಗೆಣಸು ಸಾಕು," ಎಂದ ಲಾಗಪ್ಪ. "ಕೆಂಪಿನದಕ್ಕೆ ಗುಂಡಿ ಪೂರ್ತಿ."

"ತಗೋ, ತಗೋ!"

"ಅಡ್ಡಮರಾನ ಬೇಕಾದಾಗ ಬಿಚ್ಚೋ ಹಾಗೆ ಬಳ್ಳೀಲಿ ಕಟ್ಟಲೇ, ಗೂಟ ಹೊಡೀಲೇ?"

"ಗೂಟ ಹೊಡಿ! ಯಾವತ್ತೂ ಬಿಚ್ಚಬಾರದು!"

ಲಾಗಪ್ಪ ಗೂಟ ಹೊಡೆದ. ಕೇಳಿದ್ದನ್ನು ಕೊಟ್ಟ, ಕೇಳದ್ದನ್ನು ಹೇಳಲಿಲ್ಲ. ಅಂಗಡಿಯವರಲ್ಲಿ ಬಹಳ ಮಂದಿ ಹೀಗೆಯೇ. ಅವರನ್ನು ಬೈದು ಫಲವಿಲ್ಲ. ಕೇಳಬೇಕಾದವನು ಕೊಳ್ಳುವವನು.

ಅಂಗಡಿ ಮೇಲೆ, ಮನೆ ಕೆಳಗೆ. ದಾರಿಯುದ್ದಕ್ಕೂ ಇಳಿಜಾರೇ. ಚಿಮ್ಮಣ್ಣ ಒಂದು ಸಲವೂ ಬೀಳದೆ ಮನೆ ಸೇರಿದ.

"ಹತ್ತಿಸಿ ನೋಡಿದಿರಾ?" ಗರಿಕವ್ವ ಕೇಳಿದಳು.

"ಇಳಿಸಿ ನೋಡಿದೆ. ಎಷ್ಟು ಚೆನ್ನಾಗಿ ಇಳಿಯುತ್ತೆ ಗೊತ್ತಾ?"

"ನಾವು ಹೋಗಬೇಕಾದದ್ದು ಮೇಲಕ್ಕಲ್ವೇ?"

ಚಿಮ್ಮಣ್ಣ ಬಾಯಿ ತೆರೆದ. ಅಷ್ಟರಲ್ಲಿ ಅವನ ಮೂಗಿನ ಮೇಲೆ ದಪ್ಪ ಹನಿಯೊಂದು ಬಿತ್ತು.

ಮಳೆ ಅಂದರೆ ಮಳೆ! ಕೊಳ ಉಬ್ಬಿತು; ನೀರು ಪೊದೆಯ ಬಾಗಿಲಿಗೆ ಬಂತು. ಮರಿಗಳನ್ನು ಹುಲ್ಲಿನಲ್ಲಿ ಸುತ್ತಿ ಗಾಡಿಯೊಳಗೆ ಮಲಗಿಸಿ, ಗಂಡ ಎಳೆದ, ಹೆಂಡತಿ ನೂಕಿದಳು. ಮಟ್ಟಸ ನೆಲದಲ್ಲಿ ಗಾಡಿ ನರಳುತ್ತ ಸಾಗಿತು. ಏರು ಸಿಕ್ಕಿ ನಾಲ್ಕು ಮಾರು ಹೋಗುವಷ್ಟರಲ್ಲಿ ನಿಂತಿತು.

"ಎಳೀರಿ!"

"ಎಳೀತಾ ಇದೀನಲ್ಲೇ!"

ಗಾಲಿ ಅಲುಗಲಿಲ್ಲ. ಚಿಮ್ಮಣ್ಣ ಹಿಂದಕ್ಕೆ ಹಾರಿ ಗೂಟ ಕೀಳಲು ನೋಡಿದ. ಮಳೆ ಕುಡಿದು ಉಬ್ಬಿದ ಗೂಟ ಕಚ್ಚಿಕೊಂಡು ಕೂತಿತ್ತು. ಮುಂದಕ್ಕೆ ಹಾರಿ ಎಳೆದ. ಮತ್ತೆ ಹಿಂದಕ್ಕೆ ಹಾರಿ ಹಲ್ಲಿನಿಂದ ಕೆರೆದ. ಬದುಕಿನಲ್ಲಿ ಮೊದಲ ಸಲ ಏರು ಎಂದರೇನೆಂದು ಅವನಿಗೆ ಗೊತ್ತಾಯಿತು. ನೀರು ಹಿಂದಿನ ಗಾಲಿಯನ್ನು ಮುಟ್ಟಿತು. ಮರಿಗಳು ಕೀಚಲು ದನಿಯಲ್ಲಿ ಅತ್ತವು.

ಆಗ ಪಕ್ಕದ ಕಾಲುದಾರಿಯಲ್ಲಿ ಹೆಗ್ಗಣ ದೊಡ್ಡಮ್ಮ ಬಂದಳು. ಅವಳು ಕೊಂಡಿದ್ದ ಬಿದಿರಿನ ಗಾಡಿಯಲ್ಲಿ ಕೊನೆಯ ಹೇರು, ರಾಶಿ ರಾಗಿ ತೆನೆ. ಅವಳು ನಿಂತು ಕೆಂಪು ಗಾಡಿಯನ್ನು ನೋಡಿದಳು, ಅಳುವ ಮರಿಗಳನ್ನು ನೋಡಿದಳು. ಆಮೇಲೆ ಗಾಡಿಯನ್ನು ಓರೆ ಮಾಡಿ, ರಾಗಿಯನ್ನೆಲ್ಲ ನೀರಿಗೆ ಸುರಿದುಬಿಟ್ಟಳು.

"ಏನ್ರೋ ಬಾಯಿ ಬಿಟ್ಕೊಂಡು ನಿಂತಿದೀರ? ಮಕ್ಕಳನ್ನ ಇದಕ್ಕೆ ಹಾಕಿ!"

ಹಾಕಿದರು. ಚಿಮ್ಮಣ್ಣ ಬಿದಿರಿನ ಗಾಡಿಗೆ ಹೆಗಲು ಕೊಟ್ಟು ಒಂದು ಸಲ ನೆಗೆದ. ಗಾಡಿ ಅವನೊಡನೆ ಬಂತು. ಎರಡನೆಯ ಸಲ ನೆಗೆದ, ಮೂರನೆಯ ಸಲ ನೆಗೆದ. ನೀರು ಕೆಳಗೇ ಉಳಿಯಿತು.

ದಿನ್ನೆಯ ಮೇಲೆ ಬಂಡೆಯ ಮರೆಗೆ ಮರಿಗಳನ್ನು ಇಳಿಸಿ, ಎಲ್ಲರೂ ತಿರುಗಿ ನೋಡಿದರು. ತಗ್ಗಿನಲ್ಲಿ ಕೆಂಪು ಗಾಡಿಯ ಅಡಿಯ ಮಣ್ಣು ಜಾರಿತ್ತು. ಅದು ಒಂದಿಷ್ಟೂ ಓಲಾಡದೆ, ಅವಸರಪಡದೆ, ಅಡಿಯ ಮೇಲೆ ಅಡಿ ಇಡುತ್ತ, ನೆಟ್ಟಗೆ ಕೊಳದೊಳಕ್ಕೆ ಇಳಿದುಹೋಯಿತು.

"ನಿಜ ಕಣ್ರೀ," ಎಂದಳು ಗರಿಕವ್ವ. "ತುಂಬ ಚೆನ್ನಾಗಿ ಇಳಿಯುತ್ತೆ."

ಚಿಮ್ಮಣ್ಣ ತಲೆ ತಗ್ಗಿಸಿದ. "ದೊಡ್ಡಮ್ಮ, ನಿಮ್ಮ ರಾಗಿ ಹೋಯ್ತು. ನಮ್ಮ ಗೆಣಸಿನ ಗುಂಡಿಯೂ ಖಾಲಿ..."

"ಗೊತ್ತು. ಈ ಮಳೆಗಾಲ ಇಬ್ಬರೂ ಬೇರು ಅಗೆದು ತಿನ್ನೋದೇ. ಅಗೆಯೋಳು ನಾನು, ಗಾಡಿ ಎಳೆಯೋನು ನೀನು. ಏರಿನಲ್ಲಂತೂ ನೀನು ಗಟ್ಟಿಗ," ಎಂದಳು ದೊಡ್ಡಮ್ಮ. "ಈಗ ಕೂತ್ಕೋ."

ಚಿಮ್ಮಣ್ಣ ಕುಳಿತ. ಆಕಾಶದಲ್ಲಿ ಇನ್ನೂ ಮೋಡವಿತ್ತು. ಅವನು ಎದ್ದು ನೋಡಲಿಲ್ಲ.

ನೀತಿ: ಕೊಳ್ಳುವ ವಸ್ತು ನಿಮ್ಮ ಅಂಜಿಕೆಗೆ ಒಪ್ಪುತ್ತದೆಯೇ ಎಂದು ನೋಡಬೇಡಿ, ಅದು ನಾಳೆ ಮಾಡಬೇಕಾದ ಕೆಲಸವನ್ನು ಇಂದೇ ಮಾಡಿಸಿ ನೋಡಿ, ಆಮೇಲೆ ಬೆಲೆ ಕೊಡಿ.