ಹಲ್ಲಿ ಒಪ್ಪಿದ ವಿಮರ್ಶೆ

ವಾಚನಾಲಯದ ಗೋಡೆಯ ಮೇಲೆ ಒಂದು ಹಲ್ಲಿಯಿತ್ತು. ಯಾರು ಏನೇ ಹೇಳಲಿ, ಹಲ್ಲಿ ಲೊಚಗುಟ್ಟಿದರೆ ಆ ಮಾತು ಸತ್ಯವೆಂದು ಅಲ್ಲಿನ ಹುಳುಗಳೆಲ್ಲ ನಂಬಿದ್ದವು. ಅಂದು ಮೇಜಿನ ಮೇಲೆ ಯಾರೋ ತೆರೆದಿಟ್ಟು ಹೋದ ಪತ್ತೇದಾರಿ ಕಾದಂಬರಿಯ ಬಗ್ಗೆ ಅವುಗಳ ಚರ್ಚೆ ನಡೆದಿತ್ತು. ಅದರಲ್ಲಿ ಕೊಲೆಗಾರನನ್ನು ಹಿಡಿಯುವವಳು ಮಂದಾಕಿನಿ ಎಂಬ ಹೆಂಗಸು.

"ಕಂಡವರ ಮನೆಯೊಳಗೆ ಇಣುಕುವುದೇ ಅವಳ ಕೆಲಸ. ಗಂಡಸಾಗಿದ್ದರೆ ಅದನ್ನು ಜಾಣತನ ಎನ್ನಬಹುದಿತ್ತು," ಎಂದಿತು ಮೂರೇ ಪುಟ ಓದಿದ್ದ ಜಿರಳೆ. ಹಲ್ಲಿ ಲೊಚಗುಟ್ಟಿತು. ಜಿರಳೆ ಹಿಗ್ಗಿ, ಇನ್ನೊಮ್ಮೆ ಹೌದೆನ್ನಿಸಿಕೊಳ್ಳಲು ಗೋಡೆ ಹತ್ತಿತು.

"ಅವಳದು ಬರೀ ಅದೃಷ್ಟ," ಎಂದಿತು ಪತಂಗ. ಹಲ್ಲಿ ಮತ್ತೆ ಲೊಚಗುಟ್ಟಿತು. ಪತಂಗವೂ ಅತ್ತ ಹಾರಿತು.

ಪುಸ್ತಕವನ್ನು ಕೊನೆಯವರೆಗೂ ಓದಿದ್ದವಳು ಹೆಣ್ಣಿರುವೆ ಒಬ್ಬಳೇ. ಅವಳು ನಿಂತಲ್ಲಿ ನಿಲ್ಲಲಾರದೆ ಮೇಜಿನ ತುಂಬ ಓಡಾಡುತ್ತಿದ್ದಳು.

"ಜಿರಳೆ ಎಲ್ಲಿ? ಪತಂಗ ಎಲ್ಲಿ?" ಎಂದು ಕೇಳಿದಳು. "ಹಲ್ಲಿ ಲೊಚಗುಟ್ಟಿದಾಗಲೆಲ್ಲ ಒಬ್ಬೊಬ್ಬರು ಕಾಣೆಯಾಗುತ್ತಿದ್ದಾರೆ. ಗೋಡೆಯ ಕೆಳಗೆ ಬಿದ್ದಿರುವ ರೆಕ್ಕೆ ನೋಡಿ. ಹಲ್ಲಿಯ ಬಾಯಂಚಿಗೆ ಅಂಟಿರುವ ಆ ಮೀಸೆ ಯಾರದ್ದು, ಹೇಳಿ!"

ಉಳಿದಿದ್ದ ನೊಣ ಕಸಿವಿಸಿಯಿಂದ ಕೈ ಹೊಸೆಯಿತು. ಒಮ್ಮೆ ರೆಕ್ಕೆಯನ್ನೂ ಒಮ್ಮೆ ಹಲ್ಲಿಯನ್ನೂ ನೋಡಿತು. ಕೊನೆಗೆ ಇರುವೆಯ ಮೇಲೆಯೇ ರೇಗಿತು.

"ಒಂದು ಪುಸ್ತಕ ಓದಿ ಇವಳೂ ಮಂದಾಕಿನಿಯಾಗಿಬಿಟ್ಟಳು! ಹೆಣ್ಣಿಗೆ ಯಾಕೆ ಬೇಕು ಈ ಪತ್ತೇದಾರಿಕೆ?"

ಹಲ್ಲಿ ಲೊಚಗುಟ್ಟಿತು.

"ಕೇಳಿದೆಯಾ? ಸತ್ಯ!" ಎಂದ ನೊಣ, ಅದನ್ನು ಇನ್ನೂ ಚೆನ್ನಾಗಿ ಕೇಳಿಸಿಕೊಳ್ಳಲು ಹಲ್ಲಿಯ ಬಾಯೆದುರಿಗೇ ಹೋಗಿ ಕೂತಿತು.