ಹೆಸರು ಹಿಡಿದು ಕರೆದ ತಪ್ಪು

ಮಲಪ್ರಭೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲಿಯ ಸ್ವಾಮಿಗಳಾದ ಅಜ್ಜಾರ ಹತ್ತಿರ ಮನಸ್ಸಿನ ಮಾತು ಆಡಬೇಕೆಂದವರು ಹೊಳೆ ಕಡೆಯ ಕಿಟಕಿಗೆ ಬರುತ್ತಿದ್ದರು. ಕಿಟಕಿಗೆ ಗೋಣಿತಾಟಿನ ಪರದೆ. ಕೇಳುವವರು ಆಚೆ, ಅಜ್ಜಾರು ಈಚೆ. ಹೆಸರು, ಊರು ವಿಚಾರಿಸುವ ಪದ್ಧತಿಯೇ ಇರಲಿಲ್ಲ.

ಕಾಲ ಬದಲಾಯಿತು, ಮಠಕ್ಕೂ ಫೋನು ಬಂತು. ಫೋನಿನಲ್ಲಿ ಮಠದ್ದೊಂದು ಪೇಜು. ಯಾರು ಬೇಕಾದರೂ ಹೆಸರು ಹಾಕದೆ ಪ್ರಶ್ನೆ ಬರೆಯಬಹುದು. ಅಜ್ಜಾರು ಉತ್ತರ ಹೇಳುವರು, ಶಿಷ್ಯ ಗದಿಗೆಯ್ಯ ಟೈಪ್ ಮಾಡುವನು. ಪ್ರಶ್ನೆ, ಉತ್ತರ ಎರಡೂ ಊರಿಗೆಲ್ಲ ಕಾಣುತ್ತಿದ್ದವು.

ಗದಿಗೆಯ್ಯ ಬಹಳ ಒಳ್ಳೆಯವ. ಕೆಲವು ಅನಾಹುತ ಒಳ್ಳೆಯವರ ಕೈಯಿಂದಲೇ ಆಗುತ್ತವೆ, ಏನು ಮಾಡೋಣ!

ಒಂದು ಮುಂಜಾನೆ ಯಾರೋ ಹೆಣ್ಣುಮಗಳು ಬರೆದಿದ್ದಳು.

‘ಗಂಡ ಹೊಡೀತಾನ್ರಿ. ಎದುರಿನ ಗಿರಣಿ ಸಪ್ಪಳದಾಗ ನಾ ಅತ್ತದ್ದು ಯಾರಿಗೂ ಕೇಳಸೂದಿಲ್ಲ. ಮಗಳನ್ನ ಕರಕೊಂಡು ಮನಿ ಬಿಡಬೇಕಂತ ಮಾಡೀನಿ. ತಪ್ಪೇನ್ರಿ?’

ಗದಿಗೆಯ್ಯ ಅದನ್ನು ಎರಡು ಸಲ ಓದಿದ. ಹಿಟ್ಟಿನ ಗಿರಣಿ ಇರುವುದು ಆಚೆ ದಂಡೆಯ ಊರಲ್ಲಿ. ಅದರ ಎದುರಿಗೆ ಇರುವುದು ಒಂದೇ ಮನೆ. ಆ ಮನೆಯವಳು ಯಾರೆಂದು ಅವನಿಗೆ ಗೊತ್ತು. ಅಜ್ಜಾರು ಸ್ನಾನಕ್ಕೆ ಹೋಗಿದ್ದರು. ಇವನಿಗೆ ತಡೆಯಲಾಗಲಿಲ್ಲ, ತಾನೇ ಉತ್ತರ ಬರೆದುಬಿಟ್ಟ.

‘ನೀಲವ್ವಕ್ಕಾರ, ಅಂಜಬ್ಯಾಡ್ರಿ. ನಾವದೀವಿ.’

ಅಜ್ಜಾರು ಬಂದಾಗ ಉಬ್ಬಿಕೊಂಡು ಹೇಳಿದ. "ಅಜ್ಜಾರ, ಯಾರಂತ ಕಂಡುಹಿಡದೆ ನೋಡ್ರಿ! ಹೆಸರು ಹಿಡದು ಧೈರ್ಯ ಹೇಳೀನಿ."

"ಅಳಸು."

"ಯಾಕ್ರಿ? ಪಾಪ, ಒಬ್ಬಾಕಿ ಅದಾಳ, ಯಾರಾರ ತನ್ನವರು ಅದಾರ ಅನ್ನಿಸಲಿ ಅಂತ..."

"ಮೊದಲ ಅಳಸೋ! ಆಕಿ ಗಂಡಗೂ ಫೋನ್ ಐತಿಲ್ಲೋ?"

ಗದಿಗೆಯ್ಯನಿಗೆ ಆಗ ಹೊಳೆಯಿತು. ಅವಸರದಲ್ಲಿ ಪ್ರಶ್ನೆ, ಉತ್ತರ ಎರಡನ್ನೂ ಅಳಿಸಿದ. ಅಷ್ಟರಲ್ಲಿ ಯಾರು ಓದಿದರೋ, ಯಾರು ಯಾರಿಗೆ ಕಳಿಸಿದರೋ, ದೇವರಿಗೇ ಗೊತ್ತು.

"ಅವರ ಮನಿಗೆ ಹೋಗಿ ನೋಡಿ ಬರ್ಲೇನ್ರಿ?"

"ಗಂಡ ಬಾಗಲಾ ತಗದ್ರ ಏನಂತ ಹೇಳ್ತಿ?"

ಹೊರಟವನು ಹೊಸ್ತಿಲಲ್ಲೇ ಕೂತ. ಆ ದಿನ, ಮರುದಿನ, ಅವಳಿಂದ ಒಂದಕ್ಷರವೂ ಬರಲಿಲ್ಲ. ಗದಿಗೆಯ್ಯನಿಗೆ ಅನ್ನ ಸೇರಲಿಲ್ಲ. ತನ್ನಿಂದ ಅವಳಿಗೇನಾಯಿತೋ ಎಂದು ಒಳಗೊಳಗೇ ಬೆಂದುಹೋದ.

"ಅಜ್ಜಾರ, ಬೈದರ ಬೈರಿ. ಹಿಂಗ ಸುಮ್ಮನ ಇರಬ್ಯಾಡ್ರಿ."

ಅಜ್ಜಾರು ಫೋನು ಅವನ ಮುಂದಿಟ್ಟರು. "ಬರಿ."

"ಏನು ಬರೀಲ್ರಿ?"

"ಯಾರ ಮುಂದೂ ಹೇಳದ್ದು ನಿನ್ನ ಹತ್ರ ಏನೈತಿ, ಅದನ್ನ ಬರಿ. ನಾ ಹೊಳಿ ಕಡೆ ಹೋಗಿರ್ತೀನಿ."

ಗದಿಗೆಯ್ಯ ಬರೆದ. ಏನು ಬರೆದನೋ ನನಗೂ ಗೊತ್ತಿಲ್ಲ, ನೀವೂ ಕೇಳಬಾರದು. ಬರೆದದ್ದನ್ನು ತಿರುಗಿ ಓದಿದ. ಊರಿನ ಹೆಸರು ತೆಗೆದ. ಅಪ್ಪ ಮಾಡುತ್ತಿದ್ದ ಕಸುಬು ತೆಗೆದ. ಮನೆ ಮುಂದಿನ ಬೇವಿನ ಗಿಡ ಕೂಡ ತೆಗೆದ. ಇಷ್ಟು ತೆಗೆದರೂ ಕಳಿಸಲು ಬೆರಳು ಏಳಲಿಲ್ಲ.

ಅಜ್ಜಾರು ಬಂದರು. "ಕಳಿಸಿದೇನು?"

"ಇಲ್ರಿ. ಯಾರಾರ ಗುರುತು ಹಿಡದ್ರ?"

"ಆಕಿ ಕಳಿಸಿದ್ಲು ನೋಡು."

ಗದಿಗೆಯ್ಯ ಗಳಗಳನೆ ಅತ್ತುಬಿಟ್ಟ. ಅಜ್ಜಾರು ಅವನ ಬೆನ್ನು ಸವರಿದರು. ಅವನು ಬರೆದದ್ದನ್ನು ಓದಲಿಲ್ಲ, ಓದಲು ಕೇಳಲೂ ಇಲ್ಲ.

ಅವತ್ತೇ ಗದಿಗೆಯ್ಯ ಪೇಜಿನ ವ್ಯವಸ್ಥೆ ಬದಲಿಸಿದ. ಇನ್ನು ಪ್ರಶ್ನೆ ಮಠಕ್ಕೆ ಮಾತ್ರ ಕಾಣಬೇಕು. ಉತ್ತರ ಕೇಳಿದವರಿಗೆ ಮಾತ್ರ ಹೋಗಬೇಕು. ಹೋದ ಮೇಲೆ ಎರಡನ್ನೂ ಅಳಿಸಬೇಕು. ಪೇಜಿನ ಮೇಲೆ ದಪ್ಪ ಅಕ್ಷರದಲ್ಲಿ ಹಾಕಿದ: ‘ಊರು, ಓಣಿ, ಅಕ್ಕಪಕ್ಕದ ಗುರುತು ಬರೆಯಬೇಡಿ. ಉತ್ತರ ಓದಿದ ಮೇಲೆ ನಿಮ್ಮ ಫೋನಿನಿಂದಲೂ ಅಳಿಸಿರಿ.’

ಕೆಲವು ದಿನಗಳ ಮೇಲೆ ಒಂದು ಪ್ರಶ್ನೆ ಬಂತು. ಗಿರಣಿ ಇಲ್ಲ, ಮಗಳಿಲ್ಲ. ಇದ್ದದ್ದು ಇಷ್ಟೇ: ‘ಹೋದ್ರ ತಪ್ಪೇನ್ರಿ?’

ಗದಿಗೆಯ್ಯ ತಿರುಗಿ ಓದಿದ. ಅವಳೇ ಇರಬಹುದು, ಬೇರೆ ಯಾರೋ ಇರಬಹುದು. ಈ ಸಲ ಬಾಯಿ ಬಿಡಲಿಲ್ಲ. ಪ್ರಶ್ನೆಯನ್ನಷ್ಟೇ ಅಜ್ಜಾರಿಗೆ ಓದಿ ಹೇಳಿದ.

"ತಪ್ಪಲ್ಲವ್ವಾ ಅಂತ ಬರಿ. ಮುಂಜಾನೆ ದೋಣಿ ಇರ್ತದ, ಈ ದಂಡಿಗೆ ಮಠದಾಗ ಬಿಸಿ ರೊಟ್ಟಿ ಇರ್ತಾವ, ಬಾಜೂಕ ಬಸ್ ನಿಲ್ದಾಣ ಐತಿ ಅಂತ ಬರಿ."

ಬರೆದ. ಕಳಿಸಿದ. ಅಳಿಸಿದ.

ಮರುದಿನ ಮುಂಜಾನೆ ದೋಣಿಯಿಂದ ಇಳಿದವರಲ್ಲಿ ಸೆರಗು ಹೊದ್ದ ಒಬ್ಬ ಹೆಂಗಸು, ಅವಳ ಕೈ ಹಿಡಿದ ಹುಡುಗಿ. ಗದಿಗೆಯ್ಯ ತಲೆ ಎತ್ತದೆ ರೊಟ್ಟಿ ಹಾಕಿದ. ಅವರು ಬಸ್ ನಿಲ್ದಾಣದ ಕಡೆ ನಡೆದಾಗ ಬೇಕೆಂದೇ ಬೆನ್ನು ತಿರುಗಿಸಿ ನಿಂತ.

ಮಧ್ಯಾಹ್ನ ಸೇತುವೆ ಬಳಸಿ ಒಂದು ಮೋಟಾರ್‌ಸೈಕಲ್ ಬಂದು ನಿಂತಿತು.

"ನಿಮ್ಮ ಪೇಜಿನಾಗ ನನ್ನ ಹೆಂಡ್ತಿ ಹೆಸರು ಇತ್ತಂತ! ನೀಲವ್ವ. ಇಲ್ಲಿಗೆ ಬಂದಿದ್ಲೇನು?"

"ದಿನಾ ಎಷ್ಟೋ ಮಂದಿ ಉಂಡು ಹೋಗ್ತಾರ್ರಿ. ಹೆಸರು ಕೇಳಿ ನೀಡಾಂಗಿಲ್ಲ ನಾವು."

"ಫೋನ್ ಕೊಡಿಲ್ಲೆ!"

ಗದಿಗೆಯ್ಯ ಕೊಟ್ಟ. ಬಂದವನು ಮೇಲೆ ಕೆಳಗೆ ತಿಕ್ಕಿ ನೋಡಿದ. ಏನೂ ಇರಲಿಲ್ಲ. ಫೋನನ್ನು ಕಟ್ಟೆಯ ಮೇಲೆ ಎಸೆದು, ಬೈಯುತ್ತಾ ಬಂದ ದಾರಿಗೇ ಹೊರಟುಹೋದ.

ಗದಿಗೆಯ್ಯನಿಗೆ ಕುಣಿಯಬೇಕೆನ್ನುವಷ್ಟು ಹಿಗ್ಗು. ಓಡಿ ಒಳಗೆ ಹೋದ.

"ಅಜ್ಜಾರ! ಮುಂಜಾನೆ ಬಂದಿದ್ರಲ್ರಿ, ತಾಯಿ-ಮಗಳು, ಅವರು..."

ಅಜ್ಜಾರು ಕೈ ಎತ್ತಿ ತಡೆದರು. "ಉಂಡ್ರಿಲ್ಲೋ?"

"ಹೊಟ್ಟಿ ತುಂಬ ಉಂಡಾರ್ರಿ. ಹುಡುಗಿ ಮತ್ತ ಮತ್ತ ಮೊಸರು ಹಾಕಿಸ್ಕೊಂಡ್ಲು."

ಅಜ್ಜಾರು ನಕ್ಕರು.

"ಅವರ ಸುದ್ದಿ ನಮಗ ಅಷ್ಟು ಗೊತ್ತಿದ್ರ ಸಾಕು."